ಶೇಂದಿಗೆ ಮರದ ಗುರುತಿತ್ತು

ಚಳಿಗೆ ಈಚಲು, ಬಿಸಿಲಿಗೆ ತಾಳೆ. ಹಿಂದೆ ನನ್ನ ರಾಯಚೂರು ಸೀಮೆಯಲ್ಲೂ, ಈಗ ಮನೆ ಮಾಡಿರುವ ದಿಲ್‌ಸುಖ್‌ನಗರದಿಂದ ವಿಜಯವಾಡ ರಸ್ತೆ ಹಿಡಿದು ಹಯಾತ್‌ನಗರ ದಾಟಿದರೆ ಸಿಗುವ ಊರುಗಳಲ್ಲೂ ಶೇಂದಿಯ ಲೆಕ್ಕ ಒಂದೇ. ಈಚಲ ಮರದ ನೆತ್ತಿಯ ಕೆಳಗೆ ಕೆತ್ತಿ ರಸ ಇಳಿಸುತ್ತಾರೆ. ಅದು ತೆಳು, ನಾಲಿಗೆಗೆ ತಂಪು. ತಾಳೆಯದು ಹೂಗೊನೆಯ ತುದಿಯನ್ನು ದಿನವೂ ಸವರಿ ಇಳಿಸಿದ್ದು, ವಾಸನೆ ಗಡುಸು. ಅದರಲ್ಲೂ ಗಂಡು ಮರದ ಸರದಿ ಮೊದಲು, ಹೆಣ್ಣಿನದು ಬಿಸಿಲು ಬಲಿತ ಮೇಲೆ. ಮರದಿಂದ ಇಳಿಸಿದ ಗಡಿಗೆಯಲ್ಲೇ ಹುಳಿ ಏರತೊಡಗುತ್ತದೆ. ಬೆಳಗಿನ ಸಿಹಿ ಸಂಜೆಗೆ ಇರದು. ಊರಿನ ಹಿರಿಯರು ತಾಳೆಗರಿಯ ದೊನ್ನೆಗೆ ತುಟಿ ಹಚ್ಚಿದರೆ ಸಾಕು, ಯಾವ ಹೊಲದ ಮರವೆಂದು ಹೇಳುತ್ತಿದ್ದರು.

ಈ ಮರಗಳ ಮೇಲೆ ದೊಡ್ಡ ದೊಡ್ಡ ಬೊಕ್ಕಸಗಳು ನಿಂತಿದ್ದವು. ನಿಜಾಮರ ಆದಾಯದಲ್ಲಿ ಅಬಕಾರಿಯ ಪಾಲು ಹಿರಿದು. ಮರ ಹತ್ತುವವರೂ ಕಮ್ಮಿಯವರಲ್ಲ. ನಿಜಾಮರಿಗೂ ಮುಂಚೆ, 1708ರಲ್ಲಿ, ಶೇಂದಿ ಇಳಿಸುವ ಕುಲದ ಸರ್ವಾಯಿ ಪಾಪಣ್ಣ ಮೊಗಲರ ಆಳ್ವಿಕೆಯಲ್ಲಿದ್ದ ವಾರಂಗಲ್ ಪೇಟೆಗೇ ನುಗ್ಗಿ ದೋಚಿದ. ಮೋಕು ಹಗ್ಗ ಕಟ್ಟಿ ಮರ ಹತ್ತುವವರ ಎದೆಗಾರಿಕೆ ಕಂಡವನಿಗೆ ಅದು ನಂಬಲಾಗದ ಮಾತಲ್ಲ.

ಹೈದರಾಬಾದು ಬೆಳೆದಂತೆ ಮರಗಳು ಹೋದವು, ಕುಡಿಯುವವರು ಉಳಿದರು. ಆ ಕೊರತೆಗೆ ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್, ಆಲ್‌ಪ್ರಜೋಲಮ್ ಎಂಬ ಮತ್ತಿನ ಮದ್ದುಗಳು ಬಂದವು. ಮರವನ್ನೇ ಕಾಣದ ನೀರು, ಶೇಂದಿಗೆ ತೆಲುಗಿನವರು ಹೇಳುವ ‘ಕಲ್ಲು’ ಎಂಬ ಹೆಸರಲ್ಲಿ ಮಾರಾಟವಾಯಿತು. 2004ರಲ್ಲಿ ನಗರದ ಕಲ್ಲು ಕಾಂಪೌಂಡುಗಳು, ಅಂದರೆ ಶೇಂದಿ ಅಂಗಡಿಗಳು, ಮುಚ್ಚಿದವು, 2014ರಲ್ಲಿ ಮತ್ತೆ ತೆರೆದವು. 2025ರ ಜುಲೈಯಲ್ಲಿ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಕಲ್ಲು ಕುಡಿದು ಹಲವರು ಸತ್ತರು, ಹೆಚ್ಚಿನವರು ಕೂಲಿನಾಲಿಯವರು. ಮುಚ್ಚುವುದು, ತೆರೆಯುವುದು ಎರಡೂ ಅಂಗಡಿಯನ್ನೇ ನೋಡಿದವು. ಮರವನ್ನು ಯಾರೂ ಕೇಳಲಿಲ್ಲ ಎಂಬುದೇ ನನ್ನ ಸಂಕಟ.

ಮೆಕ್ಸಿಕೋದವರು ಕತ್ತಾಳೆಯನ್ನು ಹೀಗೆ ಬಿಟ್ಟುಕೊಡಲಿಲ್ಲ. ಅದರಿಂದ ಇಳಿಸುವ ಮದ್ಯದ ಟಕೀಲಾ ಎಂಬ ಹೆಸರಿಗೆ 1974ರಲ್ಲೇ ಕಾನೂನಿನ ಕಾವಲು ಹಾಕಿದರು. ನೀಲಿ ಕತ್ತಾಳೆಯ ಜೊತೆ ಬೇರೆ ಕತ್ತಾಳೆ ಬೆರೆತರೆ ಆ ಹೆಸರಿಲ್ಲ. ಕತ್ತಾಳೆಯದೇ ಇನ್ನೊಂದು ಮದ್ಯವಾದ ಮೆಸ್ಕಾಲ್ ಬಾಟಲಿಯ ಮೇಲಂತೂ ಎಸ್ಪಾದಿನ್, ತೊಬಲಾ ಎಂದು ಗಿಡದ ಜಾತಿಯನ್ನೇ ಬರೆಯಬೇಕು. ವರ್ಷಗಟ್ಟಲೆ ಬೆಳೆದ ಆ ಗಿಡ ಒಂದೇ ಸಲದ ಕೊಯ್ಲಿಗೆ ಮುಗಿಯುತ್ತದೆ. ನಮ್ಮ ತಾಳೆ, ಈಚಲು ಹಾಗಲ್ಲ, ಹದವರಿತು ಕೆತ್ತಿದರೆ ವರ್ಷ ವರ್ಷವೂ ಕೊಡುತ್ತವೆ.

ಗುರುತು ಉಳಿಸಲು ನಮಗೂ ದಾರಿಯಿದೆ. ಶೇಂದಿ ಇಳಿಸುವ ಮರಗಳಿಗೆ ಇಲ್ಲಿ ಅಬಕಾರಿಯವರು ಈಗಲೂ ನಂಬರು ಹಾಕುತ್ತಾರೆ, ಮರಪಟ್ಟಿ ಬರೆಯುತ್ತಾರೆ. ಆ ನಂಬರನ್ನೂ ಈಚಲೋ ತಾಳೆಯೋ ಎಂಬುದನ್ನೂ ಕಾಂಪೌಂಡಿನ ಬೋರ್ಡಿನ ಮೇಲೆ ದಿನವೂ ಬರೆದು ಹಾಕಲಿ. ಅಷ್ಟು ಮರಕ್ಕೆ ಎಷ್ಟು ಲೀಟರು ಇಳಿದೀತು ಎಂದು ಇಳಿಸುವವರ ಮನೆಯ ಮಕ್ಕಳೂ ಲೆಕ್ಕ ಹಾಕಬಲ್ಲರು.