ಚೆನ್ನೆಮಣೆ

ಮಂಗಳೂರು ಮತ್ತು ಸುತ್ತಲಿನ ತುಳುನಾಡಿನಲ್ಲಿ ಕಾಳು ಹಂಚಿ ಗೆಲ್ಲುವ ಮನೆಯೊಳಗಿನ ಆಟ. ಕರ್ನಾಟಕದ ಬೇರೆಡೆ ಅಳಿಗುಳಿಮಣೆ. ಮರದ ಮಣೆಯಲ್ಲಿ ಏಳರಂತೆ ಎರಡು ಸಾಲು, ಒಟ್ಟು 14 ಗುಳಿ. ಸಾಮಾನ್ಯವಾಗಿ ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಅಥವಾ ಹುಣಸೆ ಬೀಜ ತುಂಬುತ್ತಾರೆ. ಆಟಗಾರರು ಒಂದು ಗುಳಿಯ ಬೀಜವನ್ನೆಲ್ಲ ಬಾಚಿ, ಮುಂದಿನ ಗುಳಿಗಳಿಗೆ ಒಂದೊಂದಾಗಿ ಉದುರಿಸುತ್ತ ಹೋಗುತ್ತಾರೆ. ಕೈ ಬರಿದಾದಾಗ ಮುಂದಿನ ಗುಳಿ ಖಾಲಿಯಿದ್ದರೆ ಅದರಾಚೆಯದರ ಕಾಳು ಅವರದು. ನಿಯಮಗಳು ಊರಿಂದೂರಿಗೆ ಬೇರೆ. ಚೆನ್ನೆಗೆ ಸಾಮಾನ್ಯವಾಗಿ ಎದುರಾಳಿ ಬೇಕು, ಅದರ ಸೊಗಸೂ ಅಲ್ಲೇ. ಮಳೆ ಸುರಿಯುವ ಆಟಿ ತಿಂಗಳು ಇದರ ಕಾಲ. ತುಳು ಜನಪದ ಕಥನಗೀತೆಯಾದ ಸಿರಿ ಪಾಡ್ದನದ ಅವಳಿ ಸೋದರಿಯರಾದ ಅಬ್ಬಗ–ದಾರಗರ ಜಗಳ ಹುಟ್ಟಿದ್ದು ಚೆನ್ನೆಯಾಟದಲ್ಲೇ; ಒಡಹುಟ್ಟಿದವರು ಎದುರುಬದುರು ಕೂತು ಆಡಬಾರದೆಂಬ ನಂಬಿಕೆಗೆ ಆ ಕಥೆಯೇ ಆಧಾರ.