ಬಿಡುಗಡೆ ಮತ್ತು ಕೂಡಿಕೆ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆ

ಮೈಸೂರು ಸೀಮೆಯ ಹಲವು ಕುಲಗಳಲ್ಲಿ ದಾಂಪತ್ಯ ಮುರಿದಾಗ ಹಿರಿಯರ ಮುಂದೆ ಆಗುವ ಇತ್ಯರ್ಥ ಬಿಡುಗಡೆ. ಆಮೇಲೆ ಹೆಣ್ಣು ಮತ್ತೊಬ್ಬನೊಡನೆ ಬಾಳುವೆ ಹೂಡುವುದು ಕೂಡಿಕೆ ಅಥವಾ ಉಡಿಕೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಮ್ಯಾಸಬೇಡರೂ ಕಾಡುಗೊಲ್ಲರೂ ಹಟ್ಟಿ ಕಟ್ಟಿಕೊಂಡು ನೆಲೆಸಿದ್ದಾರೆ. ಕುಲದ ಆಡಳಿತ ಇಬ್ಬರಲ್ಲೂ ಕಟ್ಟೆಮನೆ ಎಂಬ ಕುಲಪೀಠದ್ದು.

ರೂಢಿ

ಬಿಡುಗಡೆ ಗಂಡಹೆಂಡಿರಿಬ್ಬರ ಖಾಸಗಿ ಸಂಗತಿಯಾಗಿರಲಿಲ್ಲ. ತೆರ (ವಧುವಿಗಾಗಿ ಗಂಡಿನ ಕಡೆಯವರು ಕೊಡುವ ಹಣ), ಒಡವೆ, ಮಕ್ಕಳು ಯಾರ ಪಾಲು ಎಂಬುದು ನಾಲ್ಕು ಜನರ ಎದುರು ತೀರ್ಮಾನವಾಗಬೇಕಿತ್ತು. ಕೂಡಿಕೆಗೆ ಮೊದಲ ಮದುವೆಯ ಸಡಗರ ಸಾಮಾನ್ಯವಾಗಿ ಇರಲಿಲ್ಲ. ಹೊಸ ಸೀರೆ ಉಡಿಸಿದರೆ ಮುಗಿಯಿತು. ತೆರವೂ ಹಲವೆಡೆ ಕಡಿಮೆ. ಕೂಡಿಕೆಯಾದವಳಿಗೆ ಶುಭಕಾರ್ಯಗಳಲ್ಲಿ ಹಿಂದಿನ ಸಾಲೇ ಗತಿಯಾದದ್ದೂ ಉಂಟು. ಹೀಗಾಗಿ ಈ ಪದ್ಧತಿಯನ್ನು ಸ್ವಾತಂತ್ರ್ಯವೆಂದು ಹೊಗಳುವುದು ಅವಸರ. ಬದುಕಿಗೆ ಬಾಗಿಲು ಮುಚ್ಚಲಿಲ್ಲ ಎನ್ನಬಹುದು. ಸಾವಿನ ಅಗಲಿಕೆಯಲ್ಲಿ ಕಾಡುಗೊಲ್ಲರದು ಬೇರೆಯೇ ದಾರಿ: ಗಂಡ ತೀರಿಕೊಂಡರೂ ಹೆಂಗಸು ಬಳೆ, ಕುಂಕುಮ ತೆಗೆಯದಿರುವುದನ್ನು ಜಾನಪದ ವಿದ್ವಾಂಸರು ದಾಖಲಿಸಿದ್ದಾರೆ.

ಅಳಲು

ಎಚ್.ವಿ. ನಂಜುಂಡಯ್ಯ, ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರಂಥ ಹಳೆಯ ಕುಲಶಾಸ್ತ್ರಜ್ಞರು ತೆರದ ಲೆಕ್ಕ ಬರೆದಷ್ಟು ಹೆಣ್ಣಿನ ಸಂಕಟ ಬರೆಯಲಿಲ್ಲ. ಅದಕ್ಕೆ ಹಾಡುಗಳ ಬಳಿಗೇ ಹೋಗಬೇಕು. ಚಳ್ಳಕೆರೆ ತಾಲ್ಲೂಕಿನ ಕಾಡುಗೊಲ್ಲ ಹಾಡುಗಾರ್ತಿ ಸಿರಿಯಜ್ಜಿಯ ಕಂಠದಲ್ಲಿದ್ದ ಸಂಪತ್ತು ಆ ದೃಷ್ಟಿಯಿಂದ ಮುಖ್ಯ.

ಕಾನೂನು

ಒಂದೇ ಊರಿನ ಎರಡು ಹಟ್ಟಿಗಳಿಗೆ ಇಲ್ಲಿ ಎರಡು ಕಾನೂನು. ನಾಯಕ, ಬೇಡ, ವಾಲ್ಮೀಕಿ ಹೆಸರುಗಳು 1991ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದವು. 1955ರ ಹಿಂದೂ ವಿವಾಹ ಕಾಯ್ದೆಯ 2(2)ನೇ ಕಲಮಿನ ಪ್ರಕಾರ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಆ ಕಾಯ್ದೆ ಪರಿಶಿಷ್ಟ ಪಂಗಡದವರಿಗೆ ಅನ್ವಯಿಸದು. ಹೀಗಾಗಿ ಆ ಪಟ್ಟಿಗೆ ಸೇರುವ ಮ್ಯಾಸಬೇಡರ ಬಿಡುಗಡೆಗೆ ರೂಢಿಯೇ ಆಧಾರ. ಕಾಡುಗೊಲ್ಲರು ಆ ಪಟ್ಟಿಯಲ್ಲಿಲ್ಲದ್ದರಿಂದ ಅವರಿಗೆ ಕಾಯ್ದೆ ಅನ್ವಯಿಸುತ್ತದೆ, ಆದರೆ 29(2)ನೇ ಕಲಮು ರೂಢಿಗತ ವಿಚ್ಛೇದನವನ್ನೂ ಉಳಿಸಿದೆ. ಎರಡೂ ಕಡೆ ತೊಡಕು ಒಂದೇ: ರೂಢಿಯನ್ನು ರುಜುವಾತುಪಡಿಸಬೇಕು. ಕರ್ನಾಟಕದ ಪ್ರಕರಣವೊಂದರಲ್ಲಿ 2002ರಲ್ಲಿ ಸುಪ್ರೀಂ ಕೋರ್ಟ್, ರೂಢಿಯ ವಿಚ್ಛೇದನವನ್ನು ನೆಚ್ಚಿದವರೇ ಅದನ್ನು ಸಾಬೀತು ಮಾಡಬೇಕೆಂದಿತು. ಛಾಪಾ ಕಾಗದದ ಮೇಲೆ ಪಂಚರು ಹಾಕಿದ ಸಹಿಯಷ್ಟೇ ಸಾಲದು. ಕೂಡಿಕೆ ರುಜುವಾತಾಗದಿದ್ದರೂ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಮದುವೆಯ ಸ್ವರೂಪದ ಸಂಬಂಧಗಳಿಗೂ ರಕ್ಷಣೆ ಕೊಡುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೂ ಪರಿಶಿಷ್ಟ ಪಂಗಡದವರಿಗೂ ಆದಾಯ ನೋಡದೆ ಉಚಿತ ವಕೀಲರ ನೆರವು ದೊರೆಯುತ್ತದೆ. ಅರ್ಜಿಯನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕೊಡಬಹುದು.