ಒಂಬತ್ತು ಶವಗಳು, ಆರಡಿ ನೆಲ

2008ರ ನವೆಂಬರ್ 26ರ ರಾತ್ರಿ ಸಮುದ್ರದ ಮೂಲಕ ಮುಂಬೈಗೆ ಬಂದಿಳಿದ ಹತ್ತು ಮಂದಿ ಬಂದೂಕುಧಾರಿಗಳು 166 ಮಂದಿಯನ್ನು ಬಲಿ ತೆಗೆದುಕೊಂಡರು. ಹಂತಕರಲ್ಲಿ ಒಬ್ಬ, ಅಜ್ಮಲ್ ಕಸಬ್, ಜೀವಂತ ಸೆರೆಸಿಕ್ಕ. ಉಳಿದ ಒಂಬತ್ತು ಮಂದಿಯ ಶವಗಳು ಜೆ.ಜೆ. ಆಸ್ಪತ್ರೆಯ ಶವಾಗಾರ ಸೇರಿದವು. ವಾರಸುದಾರರಿಲ್ಲದ ಮುಸ್ಲಿಮ್ ಶವಗಳನ್ನು ಪೊಲೀಸರು ಊರಿನ ಕಬರಸ್ತಾನಕ್ಕೆ ಒಪ್ಪಿಸುವುದು ಸಾಮಾನ್ಯ ರೂಢಿ. ಆದರೆ ಈ ಬಾರಿ ಹಾಗಾಗಲಿಲ್ಲ. ಮರೀನ್ ಲೈನ್ಸ್‌ನ ಬಡಾ ಕಬರಸ್ತಾನವನ್ನು ನೋಡಿಕೊಳ್ಳುವ ಜಾಮಾ ಮಸೀದಿ ಟ್ರಸ್ಟ್, ಇವರಿಗೆ ಇಲ್ಲಿ ಜಾಗವಿಲ್ಲ ಎಂದು ಕೆಲವೇ ದಿನಗಳಲ್ಲಿ ಘೋಷಿಸಿತು. ಅಮಾಯಕರನ್ನು ಕೊಂದವರು ಮುಸ್ಲಿಮರೆನಿಸಿಕೊಳ್ಳಲು ಅರ್ಹರಲ್ಲ ಎಂಬುದು ಅದರ ವಾದ. ದೇಶದ ಬೇರಾವ ಕಡೆಯೂ ಅವರನ್ನು ಹೂಳಲು ಬಿಡಬಾರದೆಂಬ ಕರೆಯೂ ಬಂತು. ಆ ಡಿಸೆಂಬರ್ 9ರ ಬಕ್ರೀದ್‌ನಂದು ಅನೇಕರು ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ಈದ್ ನಮಾಝಿಗೆ ಹೋದರು.

ಈ ನಿಲುವಿಗೆ ದೇಶವೇ ತಲೆದೂಗಿತು. ನ್ಯೂಯಾರ್ಕ್ ಟೈಮ್ಸ್‌ನ ಅಂಕಣಕಾರ ಥಾಮಸ್ ಫ್ರೀಡ್‌ಮನ್ 2009ರ ಫೆಬ್ರವರಿಯಲ್ಲಿ ಅದನ್ನೇ ವಿಷಯವಾಗಿಸಿ ಮೆಚ್ಚಿ ಬರೆದರು. ಅದು ಬರೀ ತೋರಿಕೆಯ ನಿಲುವಾಗಿತ್ತೆಂದು ನಾವು ಹೇಳಲಾರೆವು. ಆ ಮೂರು ದಿನಗಳಲ್ಲಿ ಗುಂಡಿಗೆ ಬಲಿಯಾದವರಲ್ಲಿ ಮುಸ್ಲಿಮರೂ ಇದ್ದರು. ಕೊಂದವನನ್ನು ತಂದು ಕೊಲ್ಲಲ್ಪಟ್ಟವನ ಪಕ್ಕದಲ್ಲಿ ಮಲಗಿಸಿರೆಂದು ಆ ಮನೆಯವರಿಗೆ ಯಾವ ಬಾಯಲ್ಲಿ ಹೇಳುವುದು?

ಆದರೂ ಇಷ್ಟು ವರ್ಷಗಳ ಬಳಿಕ ಒಂದು ಪ್ರಶ್ನೆಯನ್ನು ಕೇಳಲೇಬೇಕಾಗಿದೆ. ಜಾಗವಿಲ್ಲ ಎಂದ ಮಾತ್ರಕ್ಕೆ ಹೆಣ ಕರಗುವುದಿಲ್ಲ. ಅದನ್ನು ಯಾರೋ ಎತ್ತಲೇಬೇಕು, ಎಲ್ಲೋ ಇಡಲೇಬೇಕು. ಹಾಗಾದರೆ ನಾವು ನಿರಾಕರಿಸಿದ್ದು ಏನನ್ನು? ಮರ್ಯಾದೆಯನ್ನೋ, ಮಣ್ಣನ್ನೋ?

ಈ ಪ್ರಶ್ನೆ ನಮಗೊಬ್ಬರಿಗೇ ಎದುರಾದುದಲ್ಲ. ಶತ್ರುವಿನ ಶವಕ್ಕೆ ಮಣ್ಣು ಕೊಡಬಾರದೆಂಬ ರಾಜಾಜ್ಞೆ ಮತ್ತು ಅದನ್ನು ಮೀರಿ ಅಣ್ಣನನ್ನು ಹೂಳುವ ತಂಗಿ, ಗ್ರೀಕರ ನಾಟಕದ ಈ ಕಥೆಯನ್ನು ಲಂಕೇಶರು 'ಅಂತಿಗೊನೆ'ಯಾಗಿ ಕನ್ನಡಕ್ಕೆ ತಂದಿದ್ದಾರೆ. ನಾಟಕ ಹಾಗಿರಲಿ, ಇಂಗ್ಲೆಂಡಿನ ಪಾರ್ಲಿಮೆಂಟೇ 1752ರಲ್ಲಿ ಇಂತಹದೊಂದು ಕಾನೂನು ಮಾಡಿತ್ತು. ಕೊಲೆಗಾರನ ಶವವನ್ನು ಯಾವ ಕಾರಣಕ್ಕೂ ನೇರವಾಗಿ ಹೂಳುವಂತಿಲ್ಲ; ಒಂದೋ ವೈದ್ಯರ ಕತ್ತರಿಗೆ ಒಪ್ಪಿಸಬೇಕು, ಇಲ್ಲವೇ ಸರಪಳಿ ಬಿಗಿದು ಬಯಲಲ್ಲಿ ನೇತುಹಾಕಬೇಕು. ಸಾವಿಗಿಂತ ಈ ಗತಿಗೇ ಜನ ಹೆಚ್ಚು ಹೆದರುತ್ತಾರೆಂಬುದು ಕಾನೂನು ಮಾಡಿದವರ ಲೆಕ್ಕಾಚಾರ. ಗಲ್ಲು ಮರದ ಕೆಳಗೆ ಹೆಣಕ್ಕಾಗಿ ಬಂಧುಗಳಿಗೂ ವೈದ್ಯರ ಆಳುಗಳಿಗೂ ಹೊಡೆದಾಟಗಳೇ ನಡೆಯುತ್ತಿದ್ದವು. ಕೊಲೆಗಾರರ ಶವಛೇದನ 1832ರಲ್ಲಿ, ನೇತುಹಾಕುವುದು 1834ರಲ್ಲಿ ನಿಂತಿತು. ಬಹಿರಂಗ ಗಲ್ಲನ್ನು ಕೊನೆಗೊಳಿಸಿದ 1868ರ ಕಾಯಿದೆ, ಗಲ್ಲಿಗೇರಿದವರನ್ನು ಜೈಲಿನ ಗೋಡೆಯೊಳಗೇ ಹೂಳಬೇಕೆಂದು ವಿಧಿಸಿತು.

ಜೈಲಿನ ಗೋಡೆಯೊಳಗೇ ಎಲ್ಲವನ್ನೂ ಮುಗಿಸುವ ಈ ಪದ್ಧತಿ ನಮ್ಮಲ್ಲೂ ಇದೆ. ಗಾಂಧೀಜಿಯವರ ಹಂತಕ ನಾಥೂರಾಮ್ ಗೋಡ್ಸೆಯನ್ನು 1949ರ ನವೆಂಬರ್ 15ರಂದು ಅಂಬಾಲಾ ಜೈಲಿನಲ್ಲಿ ಗಲ್ಲಿಗೇರಿಸಿದ ಮೇಲೆ ಶವವನ್ನು ಮನೆಯವರಿಗೆ ಕೊಡದೆ ಅಲ್ಲೇ ಸುಡಲಾಯಿತು. 1984ರ ಫೆಬ್ರವರಿ 11ರಂದು ಮಕ್ಬೂಲ್ ಭಟ್‌ನನ್ನು, 2013ರ ಫೆಬ್ರವರಿ 9ರಂದು ಅಫ್ಝಲ್ ಗುರುವನ್ನು ತಿಹಾರ್ ಜೈಲಿನೊಳಗೇ ದಫನ ಮಾಡಲಾಯಿತು. ಅಫ್ಝಲ್‌ನ ಮನೆಗೆ ಸ್ಪೀಡ್ ಪೋಸ್ಟ್ ಮೂಲಕ ಕಳಿಸಿದ ಗಲ್ಲಿನ ಸೂಚನೆ ತಲುಪುವಾಗ ಗಲ್ಲೂ ಮುಗಿದಿತ್ತು, ದಫನವೂ ಮುಗಿದಿತ್ತು. ಗೋರಿಯೊಂದು ಯಾತ್ರಾಸ್ಥಳವಾಗಬಾರದು ಎಂಬುದು ಸರಕಾರಗಳ ಎಂದಿನ ಸಮರ್ಥನೆ. ಆದರೆ ಶ್ರೀನಗರದ ಈದ್ಗಾ ಬಳಿ ಆ ಇಬ್ಬರ ಹೆಸರಿನಲ್ಲೂ ಖಾಲಿ ಗೋರಿಗಳನ್ನು ಕಾದಿರಿಸಲಾಯಿತು. ಹೆಣವಿಲ್ಲದ ಗೋರಿಗೂ ಜನ ಬರುತ್ತಾರೆಂಬುದನ್ನು ಸರಕಾರ ಲೆಕ್ಕ ಹಾಕಿದಂತೆ ಕಾಣುವುದಿಲ್ಲ.

ಹಾಗೆಂದು ಯಾತ್ರಾಸ್ಥಳದ ಭಯ ಸುಳ್ಳಲ್ಲ. ಹಿಟ್ಲರನ ಬಲಗೈಯಾಗಿದ್ದ ರುಡಾಲ್ಫ್ ಹೆಸ್ 1987ರಲ್ಲಿ ಬರ್ಲಿನ್‌ನ ಸ್ಪಾಂಡಾವು ಸೆರೆಮನೆಯಲ್ಲಿ ಸತ್ತ. ಸೆರೆಮನೆಯನ್ನೇನೋ ನೆಲಸಮ ಮಾಡಲಾಯಿತು, ಆದರೆ ಹೆಣವನ್ನು ಬವೇರಿಯಾದ ವುನ್‌ಸೀಡೆಲ್ ಎಂಬ ಸಣ್ಣ ಊರಿನ ಕುಟುಂಬದ ಗೋರಿಯಲ್ಲಿ ಹೂಳಲಾಯಿತು. ಮುಂದಿನ ವರ್ಷದಿಂದಲೇ ನವನಾಝಿಗಳು ಅಲ್ಲಿ ಮೆರವಣಿಗೆ ತೆಗೆಯತೊಡಗಿದರು. ಬೇಸತ್ತ ಚರ್ಚಿನವರು ಗೋರಿಯ ಗುತ್ತಿಗೆಯನ್ನು ಮುಂದುವರಿಸಲಿಲ್ಲ. 2011ರ ಜುಲೈನಲ್ಲಿ, ಸತ್ತು ಇಪ್ಪತ್ತನಾಲ್ಕು ವರ್ಷಗಳ ಮೇಲೆ, ಎಲುಬುಗಳನ್ನು ಅಗೆದು ತೆಗೆದು, ಸುಟ್ಟು, ಬೂದಿಯನ್ನು ಸಮುದ್ರಕ್ಕೆ ಚೆಲ್ಲಲಾಯಿತು. ಐಖ್‌ಮನ್‌ನ ಬೂದಿಯನ್ನು 1962ರಲ್ಲಿ ಇಸ್ರೇಲ್ ತನ್ನ ಜಲಗಡಿಯ ಆಚೆಗೆ ಕೊಂಡೊಯ್ದು ಚೆಲ್ಲಿತ್ತು. 2011ರ ಮೇ ತಿಂಗಳಲ್ಲಿ ಉಸಾಮಾ ಬಿನ್ ಲಾದಿನ್‌ನ ಶವವನ್ನು ಅಮೆರಿಕನ್ನರು ಯುದ್ಧನೌಕೆಯಿಂದ ಕಡಲಿಗಿಳಿಸಿದ್ದೂ ಇದೇ ಭಯದಿಂದ. ಕಡಲಿಗೆ ಗೋರಿಕಲ್ಲಿಲ್ಲ.

ಇನ್ನೂ ವಿಚಿತ್ರವಾದುದು ಎರಿಕ್ ಪ್ರೀಬ್ಕೆಯ ಕಥೆ. 1944ರ ಮಾರ್ಚ್ 24ರಂದು ರೋಮ್ ನಗರದ ಹೊರವಲಯದ ಅರ್ದಿಯಾಟೀನ್ ಗುಹೆಗಳಲ್ಲಿ 335 ಮಂದಿಯನ್ನು ಗುಂಡಿಟ್ಟು ಕೊಂದ ನಾಝಿ ಅಧಿಕಾರಿಗಳಲ್ಲಿ ಆತನೊಬ್ಬ. ಯುದ್ಧಾನಂತರ ಅರ್ಜೆಂಟೀನಾದಲ್ಲಿ ಸುಮಾರು ಅರ್ಧ ಶತಮಾನ ಹಾಯಾಗಿ ಬದುಕಿ, 1995ರಲ್ಲಿ ಇಟಲಿಗೆ ಹಸ್ತಾಂತರಗೊಂಡು, ಜೀವಾವಧಿ ಶಿಕ್ಷೆಯನ್ನು ಗೃಹಬಂಧನದಲ್ಲಿ ಕಳೆದು, 2013ರ ಅಕ್ಟೋಬರ್ 11ರಂದು ನೂರನೆಯ ವಯಸ್ಸಿನಲ್ಲಿ ಸತ್ತ. ರೋಮ್‌ನ ಚರ್ಚ್ ತನ್ನಲ್ಲಿ ಅಂತ್ಯವಿಧಿ ಸಾಧ್ಯವಿಲ್ಲವೆಂದಿತು. ಅರ್ಜೆಂಟೀನಾ ಒಲ್ಲೆನೆಂದಿತು. ಜರ್ಮನಿಯಲ್ಲಿ ಹುಟ್ಟೂರು ಹೆನಿಗ್ಸ್‌ಡಾರ್ಫ್ ಕೂಡ ಒಲ್ಲೆನೆಂದಿತು. ಸಂಪ್ರದಾಯವಾದಿ ಪಾದ್ರಿಗಳ ಪಂಗಡವೊಂದು ಅಲ್ಬಾನೊ ಎಂಬ ಊರಿನಲ್ಲಿ ಅಂತ್ಯವಿಧಿಗೆ ಮುಂದಾದಾಗ ಜನ ಶವವಾಹನವನ್ನೇ ಒದ್ದರು. ಕೊನೆಗೆ ಪೆಟ್ಟಿಗೆಯನ್ನು ವಾಯುಪಡೆಯ ನೆಲೆಯೊಂದಕ್ಕೆ ಒಯ್ದು, ಅಲ್ಲಿಂದ ಗುಟ್ಟಾಗಿ ಎಲ್ಲೋ ಹೂಳಲಾಯಿತು. ಹಳೆಯ ಜೈಲೊಂದರ ಸ್ಮಶಾನದಲ್ಲಿ ಹೆಸರಿಲ್ಲದ ಶಿಲುಬೆಯ ಕೆಳಗೆ ಎಂದು ಇಟಲಿಯ ಪತ್ರಿಕೆಯೊಂದು ಬಳಿಕ ಬರೆಯಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಪ್ರೀಬ್ಕೆಗೆ ಬಾಗಿಲು ಮುಚ್ಚಿದ್ದು ಊರುಗಳು, ಚರ್ಚುಗಳು, ಸರಕಾರಗಳು. ಜಗತ್ತಿನ ಕ್ರೈಸ್ತರು ಅವನನ್ನು ತಮ್ಮವನಲ್ಲವೆಂದು ಸಾರಿ ತಮ್ಮ ಸಾಚಾತನವನ್ನು ರುಜುವಾತುಪಡಿಸಲಿ ಎಂದು ಯಾರೂ ಕೇಳಲಿಲ್ಲ. ನಮ್ಮ ಕಾಡುಗಳ್ಳ ವೀರಪ್ಪನ್‌ನ ವಿಷಯವನ್ನೇ ನೋಡಿ. ಗೋಪಿನಾಥಂನಲ್ಲಿ ಹುಟ್ಟಿದ ಆತ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು 1991ರಲ್ಲಿ ಕೊಂದ; ವರನಟ ರಾಜಕುಮಾರ್ ಅವರನ್ನು 2000ದಲ್ಲಿ 108 ದಿನ ಕಾಡಿನಲ್ಲಿಟ್ಟ. 2004ರ ಅಕ್ಟೋಬರ್ 18ರಂದು ಪೊಲೀಸರ ಗುಂಡಿಗೆ ಸತ್ತಾಗ ಶವವನ್ನು ಸುಡಬೇಕೆಂಬುದು ಪೊಲೀಸರ ಇರಾದೆಯಾಗಿತ್ತು. ಮನೆಯವರು ಹೂಳಬೇಕೆಂದು ಪಟ್ಟು ಹಿಡಿದರು. ಮೆಟ್ಟೂರಿನ ಬಳಿ ಮೂಲಕ್ಕಾಡಿನಲ್ಲಿ, ಬಿಗಿ ಪಹರೆಯ ನಡುವೆ, ಸಾವಿರಾರು ಜನರ ಎದುರಿನಲ್ಲಿ ಹೂಳಿದರು. ಆತ ಹುಟ್ಟಿದ ಜಾತಿಯವರು ಮೊದಲು ಜಾಗ ನಿರಾಕರಿಸಿ ದೇಶಪ್ರೇಮ ತೋರಿಸಲಿ ಎಂಬ ಮಾತು ಅಂದು ಏಳಲಿಲ್ಲ. ಏಳಬಾರದೂ ಹೌದು. ಮುಂಬೈಯಲ್ಲಿ ಟ್ರಸ್ಟಿನವರು ಸ್ವಂತ ಮನಸ್ಸಿನಿಂದಲೇ ಇಲ್ಲವೆಂದಿರಬಹುದು. ಆದರೆ ಹೌದು ಎನ್ನುವ ಸ್ವಾತಂತ್ರ್ಯ ಅಂದು ಅವರಿಗಿತ್ತೇ?

ಅಮೆರಿಕದ ಎರಡು ಪ್ರಸಂಗಗಳು ನೆನಪಾಗುತ್ತವೆ. ಅಧ್ಯಕ್ಷ ಕೆನಡಿಯವರ ಹತ್ಯೆಯ ಆರೋಪ ಹೊತ್ತ ಲೀ ಹಾರ್ವೆ ಆಸ್ವಾಲ್ಡ್‌ನನ್ನು 1963ರ ನವೆಂಬರ್ 25ರಂದು ಫೋರ್ಟ್‌ವರ್ತ್‌ನಲ್ಲಿ ಹೂಳುವಾಗ ಪೆಟ್ಟಿಗೆಗೆ ಹೆಗಲು ಕೊಡುವವರೇ ಇರಲಿಲ್ಲ. ವರದಿಗೆಂದು ಬಂದಿದ್ದ ಪತ್ರಕರ್ತರೇ ಪೆನ್ನು ಜೇಬಿಗಿಟ್ಟು ಹೊತ್ತರು. ಬರುವುದಾಗಿ ಹೇಳಿದ್ದ ಪಾದ್ರಿ ಬರಲಿಲ್ಲ. ಅಲ್ಲಿದ್ದ ಇನ್ನೊಬ್ಬ ಪಾದ್ರಿ ಪ್ರಾರ್ಥನೆ ಮುಗಿಸಿದರು. ಐವತ್ತು ವರ್ಷಗಳ ಬಳಿಕ, 2013ರ ಏಪ್ರಿಲ್‌ನಲ್ಲಿ, ಬೋಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬಿಟ್ಟ ಸಹೋದರರಲ್ಲಿ ಹಿರಿಯನಾದ ತಮರ್ಲಾನ್ ಸರ್ನಾಯೆವ್ ಪೊಲೀಸರ ಜೊತೆಗಿನ ಕಾಳಗದಲ್ಲಿ ಸತ್ತ. ವೂಸ್ಟರ್ ನಗರದ ಶವಸಂಸ್ಕಾರ ಗೃಹದೊಳಗೆ ಹೆಣ, ಹೊರಗೆ ಘೋಷಣೆ ಕೂಗುವ ಜನ. ಆತ ವಾಸವಿದ್ದ ಕೇಂಬ್ರಿಜ್ ನಗರ ಜಾಗ ಕೊಡುವುದಿಲ್ಲವೆಂದಿತು. ಈ ಹುಡುಗರು ನಮ್ಮ ಕುಟುಂಬಕ್ಕೆ ನಾಚಿಕೆ ತಂದರೆಂದು ಟಿವಿ ಕ್ಯಾಮರಾಗಳ ಮುಂದೆ ಸಿಡಿದಿದ್ದ ಅವರ ಚಿಕ್ಕಪ್ಪ ಮೇರಿಲ್ಯಾಂಡ್‌ನಿಂದ ಬಂದು, ಗೆಳೆಯರ ಜೊತೆ ಸೇರಿ ಮಯ್ಯತ್ ತೊಳೆದು ಕಫನ್ ಮಾಡಿದರು. ಬೇರೆ ಯಾರೂ ಮಾಡದಿದ್ದರೆ ಇದು ತನ್ನ ಹೊಣೆ ಎಂಬುದು ಅವರ ನಿಲುವಾಗಿತ್ತು. ಕೊನೆಗೆ ಜಾಗ ಹುಡುಕಿದ್ದು ವರ್ಜೀನಿಯಾದ ಒಬ್ಬ ಕ್ರೈಸ್ತ ಮಹಿಳೆ. ರೇಡಿಯೋದಲ್ಲಿ ಸುದ್ದಿ ಕೇಳಿ, ಶತ್ರುವನ್ನೂ ಪ್ರೀತಿಸಿರೆಂಬ ಯೇಸುವಿನ ಬೋಧನೆ ನೆನೆದು ಆಕೆ ಅಲ್ಲಿನ ಮುಸ್ಲಿಮರನ್ನು ಸಂಪರ್ಕಿಸಿದರು. ಡಾಸ್‌ವೆಲ್ ಎಂಬಲ್ಲಿನ ಸಣ್ಣ ಕಬರಸ್ತಾನದಲ್ಲಿ ಸದ್ದಿಲ್ಲದೆ ದಫನವಾಯಿತು. ಮರುದಿನದಿಂದ ಬೈಗುಳದ ಸುರಿಮಳೆಯೂ ಆಯಿತೆನ್ನಿ.

ಫ್ರಾನ್ಸ್‌ನಲ್ಲಿ ಈ ಗಂಟನ್ನು ಕಾನೂನೇ ಬಿಚ್ಚಿದೆ. ಯಾವ ಊರಿನಲ್ಲಿ ವಾಸವಿದ್ದನೋ, ಯಾವ ಊರಿನಲ್ಲಿ ಸತ್ತನೋ ಆ ಊರು ಹೂಳಲು ಜಾಗ ಕೊಡಬೇಕು. 2015ರ ಜನವರಿಯಲ್ಲಿ ಶಾರ್ಲಿ ಎಬ್ಡೋ ಪತ್ರಿಕಾ ಕಚೇರಿಯ ಮೇಲಿನ ದಾಳಿಯಲ್ಲಿ ಹನ್ನೆರಡು ಮಂದಿಯನ್ನು ಕೊಂದ ಸಹೋದರರಲ್ಲಿ ಒಬ್ಬನಿಗೆ ಜಾಗ ಕೊಡುವುದಿಲ್ಲವೆಂದು ರೇಮ್ಸ್ ನಗರದ ಮೇಯರ್ ಮೊದಲು ಗುಡುಗಿದರು. ಕಾನೂನು ಬಿಡಲಿಲ್ಲ. ರಾತ್ರೋರಾತ್ರಿ, ಹೆಸರಿಲ್ಲದ ಗುಂಡಿಯಲ್ಲಿ ಹೂಳಲಾಯಿತು. ಇದು ಗೌರವವೂ ಅಲ್ಲ, ಕ್ಷಮೆಯೂ ಅಲ್ಲ. ಬರೀ ಪುರಸಭೆಯ ಕೆಲಸ. ನಮಗೆ ಇದರಲ್ಲಿ ಒಂದು ವಿವೇಕ ಕಾಣುತ್ತದೆ.

ನಮ್ಮ ಪರಂಪರೆ ಈ ವಿಷಯದಲ್ಲಿ ಏನನ್ನುತ್ತದೆ? ಕುರ್‌ಆನ್ ಹೇಳುವ ಆದಮರ ಇಬ್ಬರು ಪುತ್ರರ ವೃತ್ತಾಂತದಲ್ಲಿ, ಸಹೋದರನನ್ನು ಕೊಂದವನಿಗೆ ಹೆಣವನ್ನೇನು ಮಾಡಬೇಕೆಂದು ತೋಚಲಿಲ್ಲ. ನೆಲ ಕೆದಕುವ ಕಾಗೆಯೊಂದು ಕಲಿಸಿಕೊಟ್ಟಿತು. ಹೂಳುವುದು ಮನುಷ್ಯನಿಗಿಂತ ಮೊದಲು ಹಕ್ಕಿಗೆ ಗೊತ್ತಿತ್ತು! ಬದ್ರ್ ಯುದ್ಧದಲ್ಲಿ ಬಿದ್ದ ಖುರೈಶ್ ನಾಯಕರ ಶವಗಳನ್ನು ರಣಹದ್ದುಗಳಿಗೆ ಬಿಡದೆ ಬಾವಿಯೊಂದಕ್ಕೆ ಹಾಕಲಾಯಿತು. ಆತ್ಮಹತ್ಯೆ ಮಾಡಿಕೊಂಡವನ ಜನಾಝ ನಮಾಝನ್ನು ಪ್ರವಾದಿವರ್ಯರು(ಸ) ಸ್ವತಃ ನಿರ್ವಹಿಸಲಿಲ್ಲವೆಂಬ ಹದೀಸ್ ಇದೆ. ಗಣ್ಯರು ಮತ್ತು ಇಮಾಮರು ದೂರ ನಿಲ್ಲಲಿ, ಉಳಿದವರು ನಮಾಝ್ ಮಾಡಿ ಹೂಳಲಿ ಎಂಬುದು ಅದರಿಂದ ಅನೇಕ ವಿದ್ವಾಂಸರು ತೆಗೆದ ಅರ್ಥ. ಅಂದರೆ ಮರ್ಯಾದೆಯನ್ನು ತಡೆಹಿಡಿಯಬಹುದು, ಮಣ್ಣನ್ನಲ್ಲ. 2017ರ ಜೂನ್‌ನ ಲಂಡನ್ ಸೇತುವೆ ದಾಳಿಯ ಬಳಿಕ ಬ್ರಿಟನ್ನಿನ 130ಕ್ಕೂ ಹೆಚ್ಚು ಇಮಾಮರು ಹಂತಕರ ಜನಾಝ ನಮಾಝ್ ಮಾಡಿಸುವುದಿಲ್ಲವೆಂದು ಸಾರಿದ್ದು ಈ ಗೆರೆಯೊಳಗೆ ನಿಂತ ನಿಲುವು. ಮುಂಬೈಯವರು ಗೆರೆ ದಾಟಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಆ ದಿನಗಳ ಬಿಸಿಯಲ್ಲಿ ಅದು ಅರ್ಥವಾಗುತ್ತದೆ. ಆದರೆ ಅದನ್ನೊಂದು ಮಾದರಿಯೆಂದು ಎತ್ತಿಹಿಡಿಯಲು ನಮಗೆ ಮನಸ್ಸಾಗುವುದಿಲ್ಲ.

ಅದೇ ಬಡಾ ಕಬರಸ್ತಾನ 2015ರ ಜುಲೈ 30ರಂದು ಯಾಕೂಬ್ ಮೆಮನ್‌ನ ಶವವನ್ನು ಒಳಗೆ ಬಿಟ್ಟಿತು. 1993ರ ಮುಂಬೈ ಸರಣಿ ಸ್ಫೋಟದಲ್ಲಿ ಶಿಕ್ಷೆಗೊಳಗಾಗಿ ಅಂದು ಬೆಳಿಗ್ಗೆ ನಾಗಪುರ ಜೈಲಿನಲ್ಲಿ ಗಲ್ಲಿಗೇರಿದವನು ಆತ. ವ್ಯತ್ಯಾಸವೇನೆಂದರೆ, ಆತನ ಶವವನ್ನು ಕೇಳಿ ಪಡೆಯಲು ಮನೆಯವರಿದ್ದರು. ಏಳು ವರ್ಷಗಳ ಮೇಲೆ, 2022ರ ಸೆಪ್ಟೆಂಬರ್‌ನಲ್ಲಿ, ಆ ಗೋರಿಗೆ ಅಮೃತಶಿಲೆ ಹಾಕಿ ದೀಪ ಬೆಳಗಿಸಲಾಗಿದೆಯೆಂದು ರಾಜಕೀಯ ಪಕ್ಷಗಳು ಪರಸ್ಪರ ಕೆಸರೆರಚಿಕೊಂಡವು. ಪೊಲೀಸರು ಬಂದು ದೀಪಗಳನ್ನು ಕಿತ್ತರು.

ಆ ಒಂಬತ್ತು ಮಂದಿಗೆ ಮಾತ್ರ ಯಾರೂ ಬರಲಿಲ್ಲ. ಪಾಕಿಸ್ತಾನ ಶವಗಳನ್ನು ಕೇಳಲಿಲ್ಲ. ಕೆಡದಂತೆ ಔಷಧಿ ಹಾಕಿ, ಕಾವಲಿಟ್ಟು, ಒಂದು ವರ್ಷಕ್ಕೂ ಹೆಚ್ಚು ಕಾಲ ಜೆ.ಜೆ. ಆಸ್ಪತ್ರೆಯಲ್ಲೇ ಇಡಲಾಯಿತು. 2010ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ ಗೃಹ ಸಚಿವರಾಗಿದ್ದ ಆರ್.ಆರ್. ಪಾಟೀಲ್ ಸದನದಲ್ಲಿ ಎದ್ದು ನಿಂತು, ಜನವರಿಯಲ್ಲೇ ಅವರನ್ನು ಗುಟ್ಟಾದ ಸ್ಥಳವೊಂದರಲ್ಲಿ ಹೂಳಲಾಗಿದೆ ಎಂದರು. ಅಲ್ಲಿಯವರೆಗೆ ಆಸ್ಪತ್ರೆಯ ಶವಾಗಾರದ ಹೊರಗೆ ಕಾವಲು ಹಾಗೆಯೇ ಮುಂದುವರಿದಿತ್ತು.